ಕಡಬದ ನಲವತ್ತು ಮರ

ಕಡಬದ ಮರಗಳು ಪಾಸಾದವು.

ಅನಂತರಾಜು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ನೋಡಿದ. ಪರದೆಯ ಮೇಲೆ ಐದು ಊರುಗಳ ಹೆಸರಿತ್ತು. ಗುಬ್ಬಿ ಕಡೆಯ ಎರಡು, ಕುಣಿಗಲ್ ಕಡೆಯ ಎರಡು. ಆ ನಾಲ್ಕರ ಮುಂದೆ ಕೆಂಪಿನಲ್ಲಿ ‘ಶಂಕಾಸ್ಪದ’. ಕಡಬದ ಮುಂದೆ ಮಾತ್ರ ಹಸಿರಿನಲ್ಲಿ ‘ಸಹಜ’.

ನಗು ಬರಬೇಕಿತ್ತು. ಐದರಲ್ಲಿ ಅವನು ಕಾಲಿಡದ ಊರು ಅದೊಂದೇ.

ತಂತ್ರಾಂಶದ ಹೆಸರು ‘ಎಣಿಕೆ’. ಜನ ಬರೆಸಿದ ಅಂಕಿಗಳಲ್ಲಿ ಯಾವುದು ನಿಜ, ಯಾವುದು ಕೂತಲ್ಲೇ ಹುಟ್ಟಿದ್ದು ಎಂದು ಹೇಳುವ ಸಂಖ್ಯಾಶಾಸ್ತ್ರದ ತಂತ್ರಾಂಶ. ಬರೆದವಳು ಭಾನುಪ್ರಿಯಾ. ತುಮಕೂರಿನ ಕಾಲೇಜಿನಲ್ಲಿ ಅವನು ಪಾಠ ಹೇಳಿದ ಕೊನೆಯ ತಂಡದವಳು. ಈಗ ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸ. ‘ಎಣಿಕೆ’ ಲಿನಕ್ಸ್ ಎಂಬ ಉಚಿತ ಕಂಪ್ಯೂಟರ್ ವ್ಯವಸ್ಥೆಯ ಒಂದು ವಿತರಣೆಯೊಳಗೆ ಸೇರಲು ಇಬ್ಬರು ಪರಿಶೀಲಕರು ಒಪ್ಪಬೇಕಿತ್ತು. ಸೇರಿದರೆ ಆ ಲಿನಕ್ಸ್ ಹಾಕಿಕೊಂಡವರಿಗೆಲ್ಲ, ಯಾವ ದೇಶದಲ್ಲಿದ್ದರೂ, ಅದು ಸಿಗುತ್ತದೆ. ಯಾವುದೋ ದೇಶದ ಒಬ್ಬ ಪರಿಶೀಲಕ ಆಗಲೇ ಒಪ್ಪಿದ್ದ. ಇನ್ನೊಬ್ಬ ಅನಂತರಾಜು. ನಿವೃತ್ತನಾದ ಮೇಲೆ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದ. ದಿನಾ ಸ್ನಾನ, ಪೂಜೆ ಮುಗಿಸಿಯೇ ಕೂರುತ್ತಿದ್ದ. ಇಂದು ಸಂಜೆ ಐದಕ್ಕೆ ಈ ಸಲದ ಸೇರ್ಪಡೆಯ ಬಾಗಿಲು ಮುಚ್ಚುತ್ತದೆ. ತಪ್ಪಿದರೆ ಇನ್ನೆರಡು ವರ್ಷ ಕಾಯಬೇಕು.

ಪರವಾನಗಿ ಸರಿ. ಪರೀಕ್ಷೆಗಳು ಸರಿ. ಒಂದೇ ಚೌಕ ಖಾಲಿ ಉಳಿದಿತ್ತು: ‘ಮಾದರಿ ಅಂಕಿಅಂಶದ ಮೂಲವನ್ನು ನಾನು ಪರಿಶೀಲಿಸಿದ್ದೇನೆ.’

ಮಾದರಿಗೆ ಅವಳು ಆರಿಸಿದ್ದು ಅವನ ಪಿಎಚ್‌ಡಿಯ ಹಾಳೆಗಳನ್ನು: ಐದು ಊರಿನ ತೆಂಗು, ಯಾವ ಮರದಲ್ಲಿ ಎಷ್ಟು ಕಾಯಿ ಎಂಬ ಲೆಕ್ಕ. ಕೈಪಿಡಿಯ ಮೊದಲ ಪುಟದಲ್ಲಿ ಬರೆದಿದ್ದಳು: ‘ಮರದಿಂದ ಮರಕ್ಕೆ ನಡೆದು ಲೆಕ್ಕ ಹಾಕಿದ ನನ್ನ ಗುರುಗಳಿಗೆ.’ ಹಾಳೆಗಳ ಚಿತ್ರವೂ ಇತ್ತು. ದುಂಡನೆಯ ಅಂಕಿಗಳು. ಹೆಂಡತಿ ಲಕ್ಷ್ಮೀದೇವಮ್ಮನವು. ಮದುವೆಯಾದ ಹೊಸತರಲ್ಲಿ ಶುದ್ಧಪ್ರತಿ ಮಾಡಿಕೊಟ್ಟವಳು ಅವಳೇ. “ಕಡಬದ ಮರ ಚೆನ್ನಾಗಿ ಬಿಡ್ತವೆ ಅಲ್ವಾ?” ಎಂದಿದ್ದಳು. “ಕೆರೆ ಇದೆಯಲ್ಲ” ಎಂದಿದ್ದ. ಅವಳು ತೀರಿಕೊಂಡು ಏಳು ತಿಂಗಳಾಗಿತ್ತು. ಆ ಮಾತನ್ನು ತಿದ್ದಲು ಅವನಿಗೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು.

ಫೋನ್ ಬಂತು. ಭಾನುಪ್ರಿಯಾ.

“ಸರ್, ನೋಡಿದ್ರಾ?”

“ನೋಡ್ತಿದೀನಿ.”

“ಏನಾದ್ರೂ ಎರರ್ ಬಂತಾ?”

“ಇಲ್ಲ. ಎಲ್ಲಾ ಓಡ್ತು.”

“ಆ ನಾಕ್ ಊರು ನೋಡಿದ್ರಾ ಸರ್? ಒಂದೇ ಒಂದ್ ಬೆಸಸಂಖ್ಯೆ ಇಲ್ಲ. ಎಲ್ಲಾ ಸಮ. ನಿಮ್ಗೆ ಚೆನ್ನಾಗಿ ಟೋಪಿ ಹಾಕವ್ರೆ!” ನಕ್ಕಳು. “ಕಡಬದೋರು ಮಾತ್ರ ನಿಯತ್ತಿನೋರು. ಅದಕ್ಕೇ ಒಳ್ಳೇ ಲೆಕ್ಕ ಅಂದ್ರೆ ಹಿಂಗಿರ್ಬೇಕು ಅಂತ ಅದನ್ನ ಇಟ್ಟಿದೀನಿ.”

“ಹೂಂ.”

“ಇವತ್ತು ಆಗುತ್ತೆ ಅಂತ ಆಫೀಸಲ್ಲೆಲ್ಲ ಹೇಳ್ಕೊಂಡ್ ಬಂದಿದೀನಿ ಸರ್. ಮರ್ಯಾದೆ ಉಳ್ಸಿ.”

“ನೋಡಣ.”

ಆ ನಾಲ್ಕು ಊರಿನವರು ಸುಳ್ಳು ಬರೆಸಿರಲಿಲ್ಲ. ಅವರು ಕಾಯಿ ಎಣಿಸುವುದೇ ಜೋಡಿಯಲ್ಲಿ; ಕೈಗೊಂದರಂತೆ ಎರಡೆರಡು ಎತ್ತಿ ಹಾಕುತ್ತಾರೆ. ಕೊನೆಗೆ ಒಂಟಿ ಉಳಿದರೆ ಅದು ದೇವರ ಕಾಯಿ. ಬುಟ್ಟಿಗೆ ಹೋಗುತ್ತದೆ, ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅವನು ಕಣ್ಣಾರೆ ಕಂಡಿದ್ದ. ಹೇಳಲು ಒಂದು ವಾಕ್ಯ ಸಾಕಿತ್ತು. ಹೇಳಿದ್ದರೆ ಅವಳು ಮುಂದಿನ ಪ್ರಶ್ನೆ ಕೇಳುತ್ತಿದ್ದಳು: ಹಾಗಾದರೆ ಕಡಬದಲ್ಲಿ ಬೆಸ ಹೇಗೆ ಬಂತು?

ಗುಬ್ಬಿ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಂತು. ಪಿಎಚ್‌ಡಿಯ ದಿನಗಳವು; ಮಂಗಳವಾರ ಬರುತ್ತೇನೆಂದು ಕಡಬದ ತೋಟದ ಪುಟ್ಟರಂಗಯ್ಯನಿಗೆ ಕಾರ್ಡು ಬರೆದಿದ್ದ. ಏಪ್ರಿಲ್ ಬಿಸಿಲು. ಕಡಬದ ಬಸ್ಸು ಹೋಗಿಬಿಟ್ಟಿತ್ತು. ಮುಂದಿನ ಬಸ್ಸು ಮಧ್ಯಾಹ್ನ ಎರಡು ಗಂಟೆಗೆ. ಕಾಯಬಹುದಿತ್ತು. ಅವನು ದೋಸೆ ತಿಂದ, ಕಾಫಿ ಕುಡಿದ, ಪೆನ್ನು ತೆಗೆದ. ನಲವತ್ತು ಮರ. ನೈಜವಾಗಿ ಕಾಣಲಿ ಎಂದು ಹದಿನೇಳು, ಇಪ್ಪತ್ತಮೂರು, ಮೂವತ್ತೊಂದು. ಆಮೇಲೆ ಕೈ ತೊಳೆದು ತುಮಕೂರಿನ ಬಸ್ಸು ಹತ್ತಿದ. ಅದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ ಎಂಬುದೇ ಈಗ ಹೆಚ್ಚು ನಾಚಿಕೆ ತರುತ್ತಿತ್ತು.

‘ಮೂಲವನ್ನು ಪರಿಶೀಲಿಸಿದ್ದೇನೆ.’ ಕಡಬಕ್ಕೆ ಹೋಗಿ ನೋಡಿ ಬಂದರೆ ಆ ವಾಕ್ಯವಾದರೂ ಸುಳ್ಳಾಗುವುದಿಲ್ಲ ಎಂದುಕೊಂಡ. ಅಂಗಿ ಹಾಕಿಕೊಂಡ. ಹೊರಡುವಾಗ ಹೆಂಡತಿಯ ಪಟಕ್ಕೆ ಕೈ ಮುಗಿದ, ಮುಖ ನೋಡಲಿಲ್ಲ.

ಗುಬ್ಬಿಯಲ್ಲಿ ಕಡಬದ ಬಸ್ಸು ನಿಂತೇ ಇತ್ತು.

ಪುಟ್ಟರಂಗಯ್ಯನ ಮನೆಯನ್ನು ಕೆರೆ ಏರಿಯ ಬಳಿ ಯಾರೋ ತೋರಿಸಿದರು. ಮನೆ ಹೊಸ ನೀಲಿ ಬಣ್ಣದಲ್ಲಿತ್ತು. ಜಗುಲಿಯ ಮೇಲೆ ಒಬ್ಬ ಮುದುಕಿ ಅವರೆಕಾಯಿ ಬಿಡಿಸುತ್ತಿದ್ದಳು. ಪುಟ್ಟರಂಗಯ್ಯನ ಹೆಂಡತಿ ಪುಟ್ಟತಾಯಮ್ಮ.

“ತುಮಕೂರಿಂದ ಬಂದೆ. ಕಾಲೇಜಲ್ಲಿದ್ದೆ. ಹಿಂದೆ ತೆಂಗಿನ ಲೆಕ್ಕ ಅಂತ...”

ಮುದುಕಿ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡಿದಳು. “ಅಯ್ಯೋ ನಮ್ಮಪ್ಪ! ಕಾರ್ಡ್ ಬರ್ದಿದ್ ಮೇಷ್ಟ್ರಾ? ಈಗ ಸಿಕ್ತಾ ಬಸ್ಸು?”

ಒಳಗಿಂದ ಸೊಸೆ ಸುಧಾ ಬಂದಳು. “ಯಾರತ್ತೆ?”

“ಗೋಡೆ ಮೇಷ್ಟ್ರು ಕಣೇ!”

“ಸದ್ಯ, ಬಂದ್ರಲ್ಲ!” ಸುಧಾ ನಕ್ಕಳು. “ಮಾವ ಇರೋಗಂಟ ಆ ಗೋಡೆಗೆ ಸುಣ್ಣ ಮುಟ್ಸೋಕ್ ಬುಡ್ಲಿಲ್ಲ. ಮೇಷ್ಟ್ರು ಬತ್ತಾರೆ, ಮೇಷ್ಟ್ರು ಬತ್ತಾರೆ. ಆಮೇಲೆ ಅತ್ತೆ ಬುಡ್ಲಿಲ್ಲ. ನೀವ್ ಬರ್ಕೊಂಡ್ರೆ ನಾಳೆನೇ ಬಳಿಸ್ಬುಡ್ತೀನಿ.”

ಅವನಿಗೆ ಅರ್ಥವಾಗಲಿಲ್ಲ. ಪುಟ್ಟತಾಯಮ್ಮ ಹೇಳಿದಳು.

“ಮಂಗ್ಳಾರ ಮರ ಹತ್ತೋನ್ನ ಕರ್ಸಿ ಕೂರ್ಸಿದ್ರು. ನಾನು ಪಾಯಸ ಮಾಡಿದ್ದೆ. ಸಂಜೆಗಂಟ ಕಾದ್ರು. ಬುಧ್ವಾರನೂ ಕಾದ್ರು. ‘ಓದಿದೋರು, ಬತ್ತೀನಿ ಅಂದ್ಮೇಲೆ ಬತ್ತಾರೆ’ ಅಂತ ಅವ್ರೇ ಕೀಳ್ಸಿ, ಎಣ್ಸಿ, ಕೊಟ್ಗೆ ಗೋಡೆ ಮೇಲೆ ಗೀಚಿದ್ರು. ಅವ್ರಿಗೆ ಬರೆಯೋಕ್ ಬತ್ತಿರ್ಲಿಲ್ವಲ್ಲ.” ಅವರೆಕಾಯಿ ಕೆಳಗಿಟ್ಟಳು. “ಏನಾಗಿತ್ತು ಮೇಷ್ಟ್ರೇ ಅವತ್ತು?”

“ಹುಷಾರಿರ್ಲಿಲ್ಲ.”

“ಅವ್ರೂ ಅದೇ ಅಂದ್ರು. ‘ಪಾಪ, ಹುಷಾರಿರಕಿಲ್ಲ’ ಅಂತ.”

ಕೊಟ್ಟಿಗೆಯಲ್ಲಿ ಈಗ ದನಗಳಿರಲಿಲ್ಲ, ಎರಡು ಸ್ಕೂಟರ್ ಇದ್ದವು. ಮೂರು ಗೋಡೆ ನೀಲಿ. ನಾಲ್ಕನೆಯದು ಹೊಗೆ ಹಿಡಿದ ಹಳೆಯ ಸುಣ್ಣದ್ದು. ಅದರ ಮೇಲೆ ಇದ್ದಲಿನ ಗೀಟುಗಳು, ಸಾಲುಸಾಲಾಗಿ. ಮರಕ್ಕೊಂದು ಸಾಲು, ಜೋಡಿಗೊಂದು ಗೀಟು. ಕೆಲವು ಸಾಲುಗಳ ಕೊನೆಯಲ್ಲಿ ಒಂದು ಪುಟ್ಟ ಸೊನ್ನೆ.

“ಅದು ದೇವ್ರ ಕಾಯಿ” ಎಂದಳು ಪುಟ್ಟತಾಯಮ್ಮ, ಬಾಗಿಲಲ್ಲಿ ನಿಂತು. “ಮೇಷ್ಟ್ರಿಗೆ ಪೂರ್ತಿ ಲೆಕ್ಕ ಬೇಕು ಅಂತ ಅದ್ನೂ ಬುಡ್ಲಿಲ್ಲ. ಬರ್ಕೊಳಿ, ಕಾಫಿ ಇಡುಸ್ತೀನಿ.”

ಅವಳು ಹೋದ ಮೇಲೆ ಫೋನ್ ಬಂತು.

“ಸರ್, ನಾಕೂ ಮುಕ್ಕಾಲಾಯ್ತು. ಒತ್ತಿದ್ರಾ?”

“ಬಸ್ಸಲ್ಲಿದೀನಮ್ಮ. ಸಿಗ್ನಲ್ ಇಲ್ಲ.”

“ಸರ್, ಕ್ಲಿಯರ್ ಆಗಿ ಕೇಳ್ಸ್ತಿದೆ...”

ಕತ್ತರಿಸಿದ. ಗೋಡೆಯ ಫೋಟೊ ತೆಗೆದ. ಕೊಟ್ಟಿಗೆಯ ಮಬ್ಬಿನಲ್ಲಿ ಗೀಟು, ಬಿರುಕು, ಜೇಡರ ಬಲೆ ಎಲ್ಲ ಒಂದೇ ಆಗಿ ಬಂತು. ಗೋಡೆಗೆ ಮುಖ ಹತ್ತಿರ ತಂದು, ಮೊದಲ ಸಾಲಿನ ಮೇಲೆ ಬೆರಳಿಟ್ಟು ಎಣಿಸತೊಡಗಿದ. ಒಂದು ಜೋಡಿ, ಎರಡು ಜೋಡಿ, ಮೂರು. ಸಾಲಿನ ಕೊನೆಯ ಸೊನ್ನೆಯ ಹತ್ತಿರ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಲು ಬೆರಳು ಹಿಂದಕ್ಕೆ ತಂದ.

ಹಿಂದೆ ಗೀಟುಗಳಿರಲಿಲ್ಲ. ಹಳೆಯ ಇದ್ದಲು ಪುಡಿಯಾಗಿ ಬೆರಳಿಗೆ ಹತ್ತಿಕೊಂಡಿತ್ತು. ಸಾಲಿದ್ದ ಕಡೆ ಒಂದು ಬೂದು ಗೆರೆ, ಅದರ ಕೊನೆಯಲ್ಲಿ ಸೊನ್ನೆಯೊಂದೇ ಉಳಿದಿತ್ತು.

ಎಡಗೈಯಲ್ಲಿ ಫೋನು ತಾನೇ ಬೆಳಗಿತು. ಪರಿಶೀಲನೆಯ ಪುಟ ನೆನಪಿಸುತ್ತಿತ್ತು: ಅದೇ ಖಾಲಿ ಚೌಕ. ಐದಕ್ಕೆ ಎಂಟು ನಿಮಿಷ.

“ಎಷ್ಟ್ ಬಂತು ಮೇಷ್ಟ್ರೇ?” ಜಗುಲಿಯಿಂದ ಮುದುಕಿ ಕೂಗಿದಳು.

ಉಳಿದ ಮೂವತ್ತೊಂಬತ್ತು ಸಾಲುಗಳ ಮುಂದೆ, ಕಪ್ಪಾದ ಬೆರಳನ್ನು ಯಾವುದಕ್ಕೂ ತಾಗದಂತೆ ಮೇಲೆ ಹಿಡಿದುಕೊಂಡು, ಅವನು ನಿಂತೇ ಇದ್ದ.