ಚಾಪೆಯ ಲೆಕ್ಕಕ್ಕೆ ಬಿದ್ದ ವಿಕೆಟ್

ನಾನು ಒಂದು ಚಾಪೆ. ಮಲಗುವ ಚಾಪೆಯಲ್ಲ, ಕ್ರಿಕೆಟ್ ಪಿಚ್ಚಿನ ಮೇಲೆ ಹಾಸಿ, ಸುತ್ತ ಮೊಳೆ ಹೊಡೆದು ಬಿಗಿಯುವ ತೆಂಗಿನ ನಾರಿನ ಚಾಪೆ. ಆಟಗಾರರ ಬಾಯಲ್ಲಿ ಮ್ಯಾಟು. ಕುಮಟಾ ಕಡೆಯ ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆತ ಸಿಪ್ಪೆಯನ್ನು ಹೆಂಗಸರು ಅತ್ತೆಯರನ್ನು ಬೈಯುತ್ತಾ ಬಡಿದು ಬಡಿದು ನಾರು ತೆಗೆದರು. ಏಟು ತಿನ್ನುವುದು ನನಗೆ ಅಲ್ಲಿಂದಲೇ ರೂಢಿ.

ಹರಿಹರದ ಒಂದು ಕ್ಲಬ್ಬಿನವರು ನನ್ನನ್ನು ಲಾರಿಯಲ್ಲಿ ತರಿಸಿದರು. ಅಲ್ಲಿ ಕೊಟ್ರೇಶಪ್ಪನೆಂಬ ಆಫ್ ಸ್ಪಿನ್ನರ್ ಇದ್ದ. ಕಾರ್ಖಾನೆಯಲ್ಲಿ ಫಿಟ್ಟರ್. ಅವನು ಬಿಟ್ಟ ಚೆಂಡು ನನ್ನ ಮೇಲೆ ಬೀಳುವ ಮೊದಲೇ ಗುಂಯ್ ಎನ್ನುತ್ತಿತ್ತು. ಬ್ಯಾಟ್ಸ್‌ಮನ್ನರು ಬೈಯುತ್ತಿದ್ದುದು ಮಾತ್ರ ನನ್ನನ್ನು.

ಆಮೇಲೆ ಹುಲ್ಲಿನ ಪಿಚ್ ಬಂತು. ನನ್ನನ್ನು ಸುತ್ತಿ, ಫಕ್ರುಸಾಬರ ಚಹಾ ಕ್ಯಾಂಟೀನಿನ ಹಿಂದಿನ ಶೆಡ್ಡಿಗೆ ನೂಕಿದರು. ತಗಡಿನ ಗೋಡೆಯಾಚೆ ದಿನವೂ ಜಗಳ. ಚಂದ್ರಶೇಖರ್ ಹೆಚ್ಚೋ, ಕುಂಬ್ಳೆ ಹೆಚ್ಚೋ? ಹೆಲ್ಮೆಟ್ ಇಲ್ಲದ ಕಾಲದ ವೇಗ ದೊಡ್ಡದೋ, ಈಗಿನದೋ? ಮಾತು ಸುತ್ತಿ ಸುತ್ತಿ ಊರಿಗೇ ಬರುತ್ತಿತ್ತು. ಒಂದು ವರ್ಷ ಕ್ಲಬ್ಬಿಗೆ ಐವತ್ತು ತುಂಬಿತು. ಊರಿನ ಶ್ರೇಷ್ಠ ಬೌಲರನ ಹೆಸರು ಕಲ್ಲಿನಲ್ಲಿ ಕೆತ್ತಿಸುವವರಿದ್ದರು. ಅಷ್ಟರಲ್ಲಿ ಮುದುಕನಾಗಿದ್ದ ಕೊಟ್ರೇಶಪ್ಪನದೋ, ಹುಲ್ಲಿನ ಪಿಚ್ಚಿನಲ್ಲಿ ಹೆಸರು ಮಾಡಿದ ಮುರುಗೇಶನದೋ?

“ಕೊಟ್ರೇಶಣ್ಣ, ಬ್ಯಾಸರ ಮಾಡ್ಕೋಬ್ಯಾಡ್ರಿ,” ಅಂದ ಮುರುಗೇಶ. “ಮ್ಯಾಟ್ ಮ್ಯಾಲೆ ನಮ್ಮಜ್ಜಿ ಹಾಕಿದ್ರೂ ತಿರುಗ್ತಿತ್ತು.”

ಎಲ್ಲರೂ ನಕ್ಕರು. ಕೊಟ್ರೇಶಪ್ಪ ನಗಲಿಲ್ಲ.

“ಲೇ ತಮ್ಮಾ, ಕಲ್ಲು ನೀನೇ ಇಟ್ಕಳೋ. ನನ್ನ ವಿಕೆಟ್ ಚಾಪಿ ತಗಂತು ಅನ್ನಬ್ಯಾಡ. ನನ್ನ ಹತ್ರ ಇರೋದು ಅದೊಂದೇ.”

“ಹಂಗಾರ ಹಾಸ್ರಿ ಮ್ಯಾಟು! ಇಬ್ರೂ ಒಂದೊಂದು ಓವರ್ ಹಾಕಾಣ!” ಅಂದ ಮುರುಗೇಶ.

“ಬ್ಯಾಡಣ್ಣ, ನಿಮಗ ಎದಿನೋವು ಐತಿ,” ಎಂದು ಫಕ್ರುಸಾಬ್ ಕೊಟ್ರೇಶಪ್ಪನನ್ನು ಬೇಡಿಕೊಂಡರು. ಯಾರು ಕೇಳಬೇಕು?

ನನ್ನ ಒಂದು ಅಂಚನ್ನು ಇಲಿ ತಿಂದಿತ್ತು. ಅದನ್ನು ಕತ್ತರಿಸಿ, ಮೈದಾನದ ಮೂಲೆಯಲ್ಲಿ ಬರಿ ಮಣ್ಣಿನ ಮೇಲೆ ಹಾಸಿದರು. ಮುರುಗೇಶ ಮೊದಲು ಹಾಕಿದ. ಚೆಂಡು ಚೆನ್ನಾಗಿಯೇ ತಿರುಗಿತು. “ನೋಡ್ರಿ, ನಂಗೂ ತಿರುಗ್ತು!” ಎಂದು ಬ್ಯಾಟ್ ಹಿಡಿದು ನಿಂತ.

ಕೊಟ್ರೇಶಪ್ಪನ ಹೆಜ್ಜೆ ನನ್ನ ಪಕ್ಕದಲ್ಲೇ ಬಂತು, ಬಲು ಭಾರವಾಗಿ. ಮೊದಲ ಐದು ಚೆಂಡು ಮುರುಗೇಶನಿಗೆ ಲಡ್ಡು. ಒಂದು ಹೋಗಿ ಕ್ಯಾಂಟೀನಿನ ತಗಡಿಗೆ ಬಡಿಯಿತು. “ಅಜ್ಜಾ, ಮನೀಗೆ ನಡಿ!” ಎಂದು ದೂರದ ನೆರಳಲ್ಲಿ ನಿಂತು ನೋಡುತ್ತಿದ್ದವರಲ್ಲಿ ಯಾರೋ ಕೂಗಿದರು. ಆರನೆಯದು ಗುಂಯ್ ಎಂದಿತು. ಆಫ್ ಸ್ಟಂಪಿನಾಚೆ, ನನ್ನನ್ನೂ ದಾಟಿ ಒಂದು ಗೇಣು ದೂರದ ಮಣ್ಣಿಗೆ ಬಿತ್ತು. ಮುರುಗೇಶ ವೈಡ್ ಎಂದು ಬ್ಯಾಟ್ ಎತ್ತಿ ನಿಂತ. ಚೆಂಡು ಹಾವಿನಂತೆ ಒಳಗೆ ಹೊರಳಿ ನಡುವಿನ ಸ್ಟಂಪನ್ನು ಕಿತ್ತಿತು.

ಕೊಟ್ರೇಶಪ್ಪ ಕೈ ಎತ್ತಲು ಹೋದ. ಕೈ ಎದೆಗೆ ಬಂತು. ನನ್ನ ಮೇಲೇ ಮಗುಚಿ ಬಿದ್ದ. ಎಲ್ಲರೂ ಅವನ ಕಡೆ ಓಡಿದರು. ಮುರುಗೇಶ ಓಡಲಿಲ್ಲ. ಮಣ್ಣಿನಲ್ಲಿ ಮೂಡಿದ್ದ ಚೆಂಡಿನ ಗುರುತನ್ನೇ ನೋಡಿದ. ಬ್ಯಾಟ್ಸ್‌ಮನ್ನರು ಪಿಚ್ ತಟ್ಟುತ್ತಾರಲ್ಲ, ಹಾಗೆ ಬ್ಯಾಟಿನ ತುದಿಯಿಂದ ತಟ್ಟಿ ತಟ್ಟಿ ಸಮ ಮಾಡಿದ. ಆಮೇಲೆ ಓಡಿದ.

ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕೊಟ್ರೇಶಪ್ಪನ ಉಸಿರು ನಿಂತಿತ್ತು.

ಕಲ್ಲಿನಲ್ಲಿ ಮುರುಗೇಶನ ಹೆಸರಿದೆ. ನನ್ನನ್ನು ತುಂಡು ತುಂಡು ಮಾಡಿದರು. ಈಗ ಕ್ಯಾಂಟೀನಿನ ಬಾಗಿಲಲ್ಲಿ ಕಾಲೊರೆಸಾಗಿ ಬಿದ್ದಿದ್ದೇನೆ. ಒಳಗೆ ಅದೇ ಜಗಳ. “ಸಾಯೋ ಮುಂಚಿನ ಬಾಲು ಏನು ತಿರುಗ್ತು ಮಾರಾಯ!” ಅನ್ನುತ್ತಾರೆ ಒಬ್ಬರು. “ಮ್ಯಾಟು ಇತ್ತಲ್ಲೋ, ತಿರುಗದೆ ಏನು!” ಅನ್ನುತ್ತಾರೆ ಇನ್ನೊಬ್ಬರು. ಮುರುಗೇಶ ಚಹಾ ಊದಿಕೊಳ್ಳುತ್ತಾ ಕೂತಿರುತ್ತಾನೆ.

ಆ ಚೆಂಡು ನನ್ನನ್ನು ಮುಟ್ಟಲೇ ಇಲ್ಲ. ಈಗ ಅದನ್ನು ಬಲ್ಲವರು ಇಬ್ಬರೇ. ಒಬ್ಬ ಹೇಳುವುದಿಲ್ಲ. ಇನ್ನೊಬ್ಬನಾದ ನನ್ನ ಮೇಲೆ ಅವನು ದಿನವೂ ಚಪ್ಪಲಿ ಒರೆಸಿ ಒಳಗೆ ಹೋಗುತ್ತಾನೆ.