ಮಕ್ಕಳ ಹೆಸರಿನ ಕಾರುಗಳು

ಮಗಳಿಗೆ ಕಾರಿನ ಆಸೆಯೇ ಇರಲಿಲ್ಲ. ಆದರೂ ಅಪ್ಪ ಅವಳನ್ನು ಕೇಳದೆ ಅವಳ ಹೆಸರಿನಲ್ಲಿ ಒಂದು ಬುಕ್ ಮಾಡಿ, ಮುಂಗಡ ಕಟ್ಟಿ ಬಂದ.

ಅವನು ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವವನು. ಅವನ ವಿಭಾಗದಲ್ಲಿ ತಯಾರಾಗುತ್ತಿದ್ದದ್ದು ಒಂದೇ ಮಾದರಿ: ಎರಡು ಬಾಗಿಲು, ಎರಡು ಸೀಟಿನ, ನೆಲಕ್ಕೆ ಅಂಟಿಕೊಂಡಂತೆ ಓಡುವ, ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರು. ಹಿಂದೆ ಮೊದಲ ಸಂಬಳ ಕೈಗೆ ಬಂದ ಹುಡುಗರು ಅದಕ್ಕೆ ಮುಗಿಬೀಳುತ್ತಿದ್ದರು. ಈಗ ಆ ವಯಸ್ಸಿನವರು ಶೋರೂಮಿನತ್ತ ಸುಳಿಯುತ್ತಿರಲಿಲ್ಲ. ಚಿಕ್ಕ ವಯಸ್ಸಿನವರ ಬುಕಿಂಗ್ ಏರಿದರೆ ವಿಭಾಗ ಉಳಿಯುತ್ತದೆ, ನಂಬಿಕೆ ಇಲ್ಲದವರು ಈಗಲೇ ವ್ಯಾನ್ ವಿಭಾಗಕ್ಕೆ ಹೋಗಬಹುದು ಎಂದು ಮ್ಯಾನೇಜರ್ ಹೇಳಿದ್ದ. ನಲವತ್ತೊಂದು ಜನರಲ್ಲಿ ಆರು ಮಂದಿ ಹೋದರು. ಅಪ್ಪ ಹೋಗಲಿಲ್ಲ. ಡಬ್ಬದಂಥ ವ್ಯಾನಿಗೆ ಬಾಗಿಲು ಕೂರಿಸಲು ತಾನೇ ಬೇಕೇ ಎಂದ.

ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ರಜೆಗೆ ಮನೆಗೆ ಬಂದಾಗ ವಿಷಯ ತಿಳಿಯಿತು.

“ಚಿಕ್ಕೋಳಿದ್ದಾಗ ಕಾರ್ಖಾನೆಗೆ ಕರ್ಕೊಂಡ್ಹೋದ್ರೆ ಅದರ ಸ್ಟೀರಿಂಗ್ ಬಿಟ್ಟು ಇಳೀತಾನೇ ಇರ್ಲಿಲ್ಲ ನೀನು,” ಎಂದ ಅಪ್ಪ.

“ಆಗ ಮನೆ ಬಾಡಿಗೆ ನೀನು ಕಟ್ತಿದ್ದೆ. ಈಗ ನನ್ನ ಅರ್ಧ ಸಂಬಳ ಒಂದು ರೂಮಿಗೇ ಹೋಗುತ್ತೆ. ಕಾರು ನಿಲ್ಸೋಕೆ ಬೀದೀಲಿ ಜಾಗ ಇಲ್ಲ. ನನ್ನ ವಯಸ್ಸು, ಆ ಕಾರಿನ ಹೆಸರು ಕೇಳಿದ್ರೆ ಇನ್ಶೂರೆನ್ಸ್‌ನೋರು ಬಾಯಿಗೆ ಬಂದಷ್ಟು ಹೇಳ್ತಾರೆ. ಸಾಲದ್ದಕ್ಕೆ ಎರಡೇ ಸೀಟು. ನಿನ್ನ ಕೂರಿಸ್ಕೊಂಡು ಅಮ್ಮನ್ನ ಡಿಕ್ಕೀಲಿ ಹಾಕ್ಲಾ?”

“ನಂಗೆ ಡಿಕ್ಕೀನೇ ವಾಸಿ ಕಣೆ,” ಒಳಗಿನಿಂದ ಅಮ್ಮ ಎಂದಳು. “ನಿಮ್ಮಪ್ಪನ ಪಕ್ಕ ಕೂರೋರು ಕಿವುಡಾಗಿರ್ಬೇಕು.”

ಅಪ್ಪ ನಗಲಿಲ್ಲ. “ತಗೋಬೇಡಮ್ಮ. ಶೋರೂಮಿಂದ ಫೋನ್ ಬಂದ್ರೆ ಬೇಡ ಅನ್ಬೇಡ, ಅಷ್ಟೇ. ಹೆಸರಿದ್ರೆ ಸಾಕು.”

ಫೋನ್ ಬಂತು. ಮೊದಲ ಸಲ ಅವಳು ನೋಡ್ತೀನಿ ಎಂದಳು. ಕಾರು ತಯಾರಾಗಿದೆ, ಬಾಕಿ ಹಣ ಕಟ್ಟಿ ಒಯ್ಯಿರಿ ಎಂದು ಮತ್ತೆ ಕರೆ ಬಂದಾಗ ಹೇಳಲು ಸುಳ್ಳು ಉಳಿದಿರಲಿಲ್ಲ. ಬೇಡ ಎಂದಳು.

ಇದೇ ಉಪಾಯ ವಿಭಾಗದ ಎಲ್ಲರಿಗೂ ಹೊಳೆದಿತ್ತು. ಬಣ್ಣ ಬಳಿಯುವವನು ಇಬ್ಬರು ಗಂಡುಮಕ್ಕಳ ಹೆಸರು ಕೊಟ್ಟಿದ್ದ, ಕ್ಲಚ್ ಜೋಡಿಸುವವನು ಅಳಿಯನದ್ದು. ಒಬ್ಬರಿಗೊಬ್ಬರು ಬಾಯಿ ಬಿಟ್ಟಿರಲಿಲ್ಲ. ಹುಡುಗರು ಮರಳಿ ಬಂದರೆಂದು ನಂಬಿದ ಕಂಪನಿ ಈ ಕೆಲಸಗಾರರಿಂದಲೇ ಹೆಚ್ಚು ಪಾಳಿ ಮಾಡಿಸಿ ಅಷ್ಟೂ ಕಾರು ತಯಾರಿಸಿತು. ಮಕ್ಕಳೆಲ್ಲ ಬೇಡವೆಂದರು. ಕಾರುಗಳು ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಧೂಳು ತಿನ್ನುತ್ತ ನಿಂತವು. ಅಷ್ಟರಲ್ಲಿ ವ್ಯಾನ್ ವಿಭಾಗದಲ್ಲಿ ಹೊರಗಿನವರು ತುಂಬಿಕೊಂಡಿದ್ದರು. ಸ್ಪೋರ್ಟ್ಸ್ ಕಾರಿನ ವಿಭಾಗ ಮುಚ್ಚಿತು.

ಬುಕ್ ಆಗಿದ್ದ ಕಾರು ಐವತ್ತೆರಡು. ಒಯ್ದವರು ಇಬ್ಬರು, ಇಬ್ಬರೂ ತಲೆ ನೆರೆತ ಹೊರಗಿನ ಗಿರಾಕಿಗಳು. ಮುಂಗಡ ಉಳಿದ ಯಾರಿಗೂ ವಾಪಸ್ ಸಿಗಲಿಲ್ಲ. ಕೆಲಸ ಹೋದದ್ದು ಮೂವತ್ತೈದು ಜನರದ್ದು.