ಹೂರಣದ ಕೌದಿ

ವಿರುಪಮ್ಮನ ಮನೆಯಲ್ಲಿ ಅಲುಗಾಡದೆ ನಿಂತ ಯಾವ ವಸ್ತುವೂ ಬಹಳ ದಿನ ಬರಿಮೈಯಲ್ಲಿ ಉಳಿಯುತ್ತಿರಲಿಲ್ಲ. ಮಿಕ್ಸಿಗೆ ಕುಪ್ಪಸ, ಗ್ಯಾಸ್ ಸಿಲಿಂಡರಿಗೆ ನೆರಿಗೆ ಲಂಗ, ಫ್ರಿಜ್ಜಿನ ಹಿಡಿಕೆಗೆ ತೋಳು, ಟಿವಿಯ ರಿಮೋಟಿಗೆ ಗುಂಡಿ ಹಚ್ಚಿದ ಅಂಗಿ. ಹೊಸಪೇಟೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದ್ದ ಗಂಡ ಮನೋಹರ್, ಮಧ್ಯಾಹ್ನ ಉಂಡು ಸೋಫಾದ ಮೇಲೆ ಒರಗಿದರೂ ಒಂದು ಕಣ್ಣು ತೆರೆದೇ ಇಡುತ್ತಿದ್ದ. ಎರಡೂ ಮುಚ್ಚಿದರೆ ಹೆಂಡತಿ ಅಳತೆ ತೆಗೆದುಬಿಡುತ್ತಾಳೆ ಎಂಬುದು ಅವನ ಅನುಮಾನ.

ಇವೆಲ್ಲ ಕೈ ಪಳಗಿಸಿಕೊಳ್ಳಲು ಮಾಡಿದ ಚಿಲ್ಲರೆ ಕೆಲಸ. ನಿಜವಾದ ಕೆಲಸ ಕೌದಿ. ಮಗಳು ಪೂಜಿತಾಳ ಹಳೆಯ ಯೂನಿಫಾರ್ಮು, ತಾನೇ ಉಟ್ಟು ಸವೆಸಿದ ಸೀರೆಗಳು, ಮನೋಹರನ ಗ್ರೀಸ್ ಕಲೆಯ ಪಂಚೆಗಳು, ಎಲ್ಲ ಸೇರಿ ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಹಾಸಿದ ತುಂಡುಬಟ್ಟೆ. ಅಂಚಿನಲ್ಲಿ ಶುರುವಾದ ದಾರ ಸುತ್ತು ಸುತ್ತು ತಿರುಗಿ ನಡುಮಧ್ಯಕ್ಕೆ ಬಂದು ನಿಲ್ಲಲು ಎರಡು ವರ್ಷ ಹಿಡಿದಿತ್ತು. ಮನೆಯಲ್ಲಿ ಹೊಲಿಗೆ ಮೆಷಿನ್ನೂ ಇತ್ತು. ಅದಕ್ಕೊಂದು ಚೆಂದದ ಮುಸುಕು ಹೊಲಿದು ಮುಚ್ಚಿಟ್ಟಿದ್ದಳು. ಕೌದಿಗೆ ಕೈಯೇ ಆಗಬೇಕು.

ಮುಗಿದ ದಿನ ಗಂಡನ ಮುಂದೆ ಹಾಸಿದಳು. ಅವನು ಫೋನಿನಿಂದ ಕಣ್ಣೆತ್ತದೆ, "ಚೊಲೋ ಐತಿ" ಅಂದ. ಮಗಳು, "ಸೂಪರ್ ಮಮ್ಮಿ" ಅಂದಳು. ಆ ಸೂಪರನ್ನು ಅವಳು ಬೆಳಿಗ್ಗೆ ಉಪ್ಪಿಟ್ಟಿಗೂ ಕೊಟ್ಟಿದ್ದಳು.

ವಿರುಪಮ್ಮನಿಗೆ ಹೊಗಳಿಕೆಯ ಕೊರತೆ ಇರಲಿಲ್ಲ. ತಾನು ಎಷ್ಟು ಚೆನ್ನಾಗಿ ಹೊಲಿಯುತ್ತೇನೆ ಎಂಬುದು ಅವಳಿಗೇ ಗೊತ್ತಿತ್ತು, ದಿನಕ್ಕೆರಡು ಸಲ ಹೇಳಿಕೊಳ್ಳುತ್ತಲೂ ಇದ್ದಳು. ಬೇಕಾಗಿದ್ದದ್ದು ಬೇರೆ. ಮನೆಯವರಲ್ಲದ ಯಾರಾದರೊಬ್ಬರು ಈ ಕೌದಿಯನ್ನು ಹತ್ತಿರದಿಂದ, ಕೈಯಾಡಿಸಿ, ತಿರುವಿ ನೋಡಬೇಕು. ನೋಡಿ ಬೈದರೂ ಅಡ್ಡಿಯಿಲ್ಲ, ನೋಡದೆ ಹೊಗಳಬಾರದು.

ಅಷ್ಟರಲ್ಲಿ ಪೂಜಿತಾಳ ಫೋನಿಗೆ ಒಂದು ಪೋಸ್ಟರ್ ಬಂತು. ಸ್ಟೇಷನ್ ರಸ್ತೆಯ ಕಲ್ಯಾಣ ಮಂಟಪದಲ್ಲಿ ಭಾನುವಾರ ಮಹಿಳೆಯರಿಗೆ ಸ್ಪರ್ಧೆ. ಏರ್ಪಡಿಸಿದವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಊರು ಮುಂದುವರಿಯುತ್ತದೆ ಎಂದು ನಂಬಿದ ಪೈಕಿ. ಎಚ್, ಓ, ಎಲ್, ಐ, ಜಿ, ಇ ಎಂದು ದಪ್ಪಗೆ ಬರೆದು ಪಕ್ಕದಲ್ಲಿ 'ಸ್ಪರ್ಧೆ' ಸೇರಿಸಿದ್ದರು. ಕೆಳಗೆ ಮೂರು ನಿಯಮ: ಮನೆಯಲ್ಲೇ ಮಾಡಿ ತರಬೇಕು, ಅಂಚು ಒಡೆದಿರಬಾರದು, ಒಳಗಿನದು ಹೊರಗೆ ಕಾಣಬಾರದು.

"ನಿನಗಂತಾ ಬರದಿಟ್ಟಂಗೈತಿ ಮಮ್ಮಿ" ಎಂದು ಮಗಳು ಅಲ್ಲೇ ಹೆಸರು ನೋಂದಾಯಿಸಿದಳು. ವಿರುಪಮ್ಮ ಮೂರನೆಯ ನಿಯಮವನ್ನು ಎರಡು ಸಲ ಓದಿ, ಬರೆದವರು ಕೆಲಸ ಬಲ್ಲವರು ಎಂದು ತಲೆದೂಗಿದಳು.

ಭಾನುವಾರ ಕೌದಿಯನ್ನು ಮಡಿಚಿ ಹೆಗಲಿಗೇರಿಸಿಕೊಂಡಾಗ ಮನೋಹರ್ ಸೋಫಾದಿಂದಲೇ ಕೇಳಿದ, "ಎಲ್ಲಿಗೆ ಹೊತ್ಕೊಂಡು ಹೊಂಟಿ? ಗುಜರಿಯವ ಓಣಿಗಾ ಬರ್ತಾನಲ್ಲ."

"ಗುಜರಿಗೆ ಹಾಕೋದಿದ್ರ ಮೊದ್ಲು ಸೋಫಾದ ಮ್ಯಾಲ ಇರೋದನ್ನ ಹಾಕ್ತಿದ್ದೆ."

ಮನೋಹರ್ ಕಾಲು ಮಡಚಿಕೊಂಡ.

ಮಂಟಪದ ಬಾಗಿಲಲ್ಲಿ ಹದಿನೇಳನೆಯ ನಂಬರಿನ ಚೀಟಿ ಕೊಟ್ಟರು. ಒಳಗೆ ತುಪ್ಪದ ಪರಿಮಳ, ಬೆಲ್ಲದ ಪರಿಮಳ. ಹೊಲಿಗೆಯವರಿಗೆ ಇಷ್ಟು ದೊಡ್ಡ ಮರ್ಯಾದೆ ಮಾಡುವ ಜನ ಹೊಸಪೇಟೆಯಲ್ಲಿ ಇದ್ದಾರಲ್ಲ ಎಂದು ವಿರುಪಮ್ಮನಿಗೆ ಹೆಮ್ಮೆಯಾಯಿತು. ಹದಿನೇಳನೆಯ ಟೇಬಲ್ಲಿನ ಮೇಲೆ ಕೌದಿ ಹಾಸಿ, ಸುಕ್ಕು ಸವರಿ, ಆಮೇಲೆ ಸುತ್ತ ನೋಡಿದಳು. ಹದಿನಾರನೆಯ ಟೇಬಲ್ಲಿನಲ್ಲಿ ತಟ್ಟೆ. ಹದಿನೈದರಲ್ಲಿ ತಟ್ಟೆ. ಆ ಕಡೆ ಹದಿನೆಂಟರಲ್ಲೂ ತಟ್ಟೆ, ತಟ್ಟೆಯ ಹಿಂದೆ ಜರಿ ಸೀರೆಯ ದಪ್ಪನೆಯ ಹೆಂಗಸು.

"ಎಲ್ಲಾರೂ ತಿಂಡಿನಾ ತಂದೀರಲ್ರಿ, ಹೊಲಿಗಿ ಎಲ್ಲಿ?"

"ಇದಾ ಅಲ್ರೀ ಹೋಳಿಗಿ" ಎಂದು ಜರಿ ಸೀರೆ ತಟ್ಟೆ ಮುಂದಕ್ಕೆ ಸರಿಸಿತು. "ಕಡ್ಲಿಬ್ಯಾಳಿದು. ನಿಮ್ದು ಗಂಟು ಬಿಚ್ರಿ ಮತ್ತ. ಇಷ್ಟು ದೊಡ್ಡ ಬಟ್ಟ್ಯಾಗ ಸುತ್ತಿ ತಂದೀರಿ ಅಂದ್ರ ಬಿಸಿ ಇರಬೇಕು."

ಎಚ್, ಓ, ಎಲ್, ಐ, ಜಿ, ಇ. ವಿರುಪಮ್ಮ ಅದನ್ನು ಮನಸ್ಸಿನಲ್ಲಿ ಒಮ್ಮೆ ಗಿಡ್ಡವಾಗಿ ಓದಿದಳು, ಒಮ್ಮೆ ಉದ್ದವಾಗಿ ಓದಿದಳು. ಒಂದು ದೀರ್ಘ ಉಳಿಸಲು ಹೋಗಿ ಇವರು ಒಬ್ಬ ಹೆಂಗಸನ್ನೇ ಅಡ್ಡದಾರಿಗೆ ಎಳೆದಿದ್ದರು.

ಆಗ ಯಾರೋ ಸೆರಗು ಎಳೆದರು. ಕಂಬದ ಹಿಂದೆ ನಿಂತ ಸಣಕಲು ಹೆಂಗಸು, ಕಂಕುಳಲ್ಲಿ ಕೈಚೀಲ. "ಅಕ್ಕಾರ, ನೀವೂ ಹೊಲಿಗಿ ಅಂದ್ಕೊಂಡಾ ಬಂದ್ರಿ?"

"ನೀವ್ಯಾರು?"

"ಭರಮಮ್ಮ. ಮರಿಯಮ್ಮನಹಳ್ಳಿಯಾಕಿ. ಫೋನ್ ಇಡಾ ಚೀಲ ಹೊಲ್ಕೊಂಡು ಬಂದೀನಿ, ಮೂರು. ಯಾರಿಗೂ ತೋರ್ಸಿಲ್ಲ. ಬರ್ರಿ, ಇಬ್ರೂ ಸುಮ್ಮನ ಹೋಗಿಬಿಡೂಣು. ಈಗೊಂದು ಬಸ್ಸೈತಿ."

"ಬಸ್ಸು ದಿನಾ ಇರ್ತೈತಿ. ಕುಂದ್ರಿ."

"ನಗ್ತಾರ್ರಿ."

"ನಕ್ರ ಅವ್ರ ಹಲ್ಲು ಕಾಣ್ತಾವು. ನಮ್ಮ ಹೊಲಿಗಿ ಏನು ಬಿಚ್ಚಂಗಿಲ್ಲ." ವಿರುಪಮ್ಮ ತನ್ನ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದಳು. ಭರಮಮ್ಮ ಅದರ ಅಂಚಿನಲ್ಲಿ, ಬಸ್ಸಿನ ಕಡೆ ಮುಖ ಮಾಡಿಯೇ ಕೂತಳು.

ಮೈಕು ಹಿಡಿದು ಓಡಾಡುತ್ತಿದ್ದ ಈಶ್ವರ್ ಈ ಸ್ಪರ್ಧೆಯನ್ನು ಏರ್ಪಡಿಸಿದವನು. ತುಪ್ಪದ ವ್ಯಾಪಾರಿ. ಮಾತೂ ಹಾಗೇ, ಎಲ್ಲಿ ಇಟ್ಟರೂ ಜಾರುತ್ತಿತ್ತು. ಹದಿನೇಳರ ಮುಂದೆ ಬಂದು ಮಾತ್ರ ಅಂಟಿಕೊಂಡು ನಿಂತ.

"ಅಮ್ಮಾರ, ಟೇಬಲ್ ಕ್ಲಾತ್ ನಾವಾ ಹಾಕಿದ್ವಲ್ರಿ. ನಿಮ್ದು ಐಟಂ ಎಲ್ಲಿ?"

"ಇದಾ ಐಟಂ."

"ಇದು ಕೌದಿ."

"ಕಣ್ಣು ಚೊಲೋ ಅದಾವ ನಿಮ್ವು."

"ಅಲ್ರಿ, ಇದು ಹೋಳಿಗಿ ಸ್ಪರ್ಧೆ."

"ಹಂಗಂತ ಎಲ್ಲಿ ಬರದೈತಿ? ಆ ಬ್ಯಾನರ್ ಓದ್ರಿ."

ಈಶ್ವರ್ ತಿರುಗಿ ತನ್ನದೇ ಬ್ಯಾನರ್ ಓದಿದ. ತುಟಿ ಎರಡು ಸಲ ಅಲುಗಾಡಿತು.

"ಓ ಗಿಡ್ಡೋ ಉದ್ದೋ ನಿಮಗೂ ತಿಳೀವಲ್ದು" ಎಂದಳು ವಿರುಪಮ್ಮ. "ನೀವು ಕನ್ನಡದಾಗ ಬರದಿದ್ರ ನಾ ಮನ್ಯಾಗಿರ್ತಿದ್ದೆ. ಬರೀಲಿಲ್ಲ, ಬಂದೀನಿ. ನಿಮ್ಮ ನಿಯಮ ನೋಡ್ರಿ. ಮನ್ಯಾಗಾ ಮಾಡೀನಿ. ಅಂಚು ಒಡದಿಲ್ಲ. ಒಳಗಿಂದು ಹೊರಗ ಕಾಣಂಗಿಲ್ಲ. ನಂಬರ್ ಚೀಟಿನೂ ಕೊಟ್ಟೀರಿ. ಇನ್ನ ನೋಡದೊಂದು ಉಳದೈತಿ."

"ತಿನ್ನಾಕ ಬರಬೇಕಲ್ರಿ."

"ತಿನ್ನಬೇಕು ಅಂತ ನಾಕನೇ ನಿಯಮ ಐತೇನು?"

ಇರಲಿಲ್ಲ. ಸುತ್ತಲಿನ ಹೆಂಗಸರು ತಟ್ಟೆ ಬಿಟ್ಟು ಹತ್ತಿರ ಬಂದಿದ್ದರು. ಯಾರೋ ಕಿಸಕ್ಕೆಂದರು. ಭರಮಮ್ಮ ಕೈಚೀಲವನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡಳು. ಈಶ್ವರ್ ಮೈಕನ್ನು ಎದೆಗೊತ್ತಿಕೊಂಡು, "ತೀರ್ಪುಗಾರ್ರು ಬರ್ಲಿ, ಅವ್ರು ಹೆಂಗ ಹೇಳ್ತಾರೋ ಹಂಗ" ಅಂದ. ಮೈಕು ಆನ್ ಇದ್ದುದರಿಂದ ಅವನ ಎದೆಬಡಿತ ಇಡೀ ಮಂಟಪಕ್ಕೆ ಕೇಳಿಸಿತು.

ತೀರ್ಪುಗಾರ ಪಾಲಪ್ಪ, ಕಂಪ್ಲಿಯವನು. ನಲವತ್ತು ವರ್ಷದಿಂದ ಮದುವೆ ಮನೆಗಳಲ್ಲಿ ಹೋಳಿಗೆ ಮಾಡಿಸಿದವನು. ಹದಿನಾರು ಟೇಬಲ್ಲಿನ ಹದಿನಾರು ಹೋಳಿಗೆಯ ರುಚಿ ನೋಡಿ, ಬೆವರು ಒರೆಸುತ್ತ ಬಂದ. ಕೌದಿಯನ್ನು ಕಂಡು ಅವನ ಮುಖಕ್ಕೆ ಬಂದದ್ದು ಆಶ್ಚರ್ಯವಲ್ಲ, ಬಿಡುಗಡೆ.

ಈಶ್ವರ್ ಗಿಡ್ಡ ಓ, ಉದ್ದ ಓ ಎಲ್ಲ ವಿವರಿಸಿದ. ಪಾಲಪ್ಪ ಅರ್ಧಕ್ಕೇ ಕೈ ಅಡ್ಡ ಹಿಡಿದ.

"ತಿನ್ನೋದಲ್ಲ ಹೌದಿಲ್ಲೋ? ಅಷ್ಟು ಸಾಕು. ನಾ ನೋಡ್ತೀನಿ."

"ಯಜಮಾನ್ರ, ನಿಮಗ ಹೊಲಿಗಿ ಏನು ಗೊತ್ತೈತ್ರಿ?" ಎಂದ ಈಶ್ವರ್.

"ಮ್ಯಾಲೊಂದು ಪದರ, ಕೆಳಗೊಂದು ಪದರ, ನಡುವ ತುಂಬಿದ್ದು. ನಲವತ್ತು ವರ್ಷ ಇದಾ ಮಾಡೀನಿ."

ಹಾಗೆಂದವನು ನಲ್ಲಿಗೆ ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದ. ಹೆಗಲ ವಸ್ತ್ರದಲ್ಲಿ ಒರೆಸಿಕೊಂಡು, ಬೆರಳಿಗೆ ತುಪ್ಪದ ಜಿಡ್ಡು ಉಳಿದಿದೆಯೇ ಎಂದು ಮೂಸಿ ನೋಡಿ, ಮೂರನೆಯ ಸಲವೂ ತೊಳೆದ. ವಿರುಪಮ್ಮ ಅದನ್ನು ನೋಡುತ್ತ ನಿಂತಳು. ಅವಳ ಕೌದಿಯನ್ನು ಮುಟ್ಟಲು ಈವರೆಗೆ ಯಾರೂ ಕೈ ತೊಳೆದಿರಲಿಲ್ಲ.

ಪಾಲಪ್ಪ ಮೇಲ್ಭಾಗದ ಬಣ್ಣಗಳ ಕಡೆ ಹೆಚ್ಚು ನೋಡಲಿಲ್ಲ. ಎರಡು ಮೂಲೆ ಹಿಡಿದು ಒಂದೇ ಏಟಿಗೆ, ಹರಿಯದ ಹಾಗೆ, ಹೆಂಚಿನ ಮೇಲೆ ಮಗುಚಿದಂತೆ ಮಗುಚಿದ.

"ಹಿಂದಿಂದು ನೋಡಬೇಕು ಮೊದ್ಲು" ಎಂದ. "ಮುಂದ ಎಲ್ಲಾರೂ ಚೆಂದ ಮಾಡ್ತಾರ."

ಹಿಂಬದಿಯಲ್ಲಿ ದಾರದ ಗಂಟುಗಳನ್ನು ಒಂದೊಂದಾಗಿ ಒಳಗೆ ಮರೆಸಲು ವಿರುಪಮ್ಮ ಒಂದು ಇಡೀ ಬೇಸಿಗೆ ಕಳೆದಿದ್ದಳು. ಅದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

"ಗಂಟು ಎಲ್ಲಿ ಹೋದುವು?"

"ಒಳಗ ಅದಾವು."

"ಹೂಂ." ಪಾಲಪ್ಪ ಕಣ್ಣು ಮುಚ್ಚಿ ಅಂಗೈ ಊರಿದ. ಅಂಚಿನಿಂದ ನಡುವಿಗೆ, ನಡುವಿನಿಂದ ಅಂಚಿಗೆ, ಹೊಲಿಗೆ ತಿರುಗಿದ ದಾರಿಯಲ್ಲೇ ಅವನ ಕೈಯೂ ತಿರುಗಿತು. "ಕಣಕ ಮೆತ್ತಗೈತಿ. ಭಾಳ ಸಲ ಒಗದ ಬಟ್ಟಿ. ಹೂರಣ ಒಂದಾ ಸಮ ಹರಡೈತಿ. ಲಟ್ಟಿಸಿದವ್ರಿಗೆ ಕೈ ಐತಿ."

ಅವನ ಕೈ ನಾಲ್ಕನೆಯ ಮೂಲೆಗೆ ಹೋಗಿ ನಿಂತಿತು. ಒಮ್ಮೆ ಒತ್ತಿತು. ಹಿಂದೆ ಸರಿದು ಮತ್ತೆ ಒತ್ತಿತು.

"ಇಲ್ಲಿ ಬ್ಯಾಳಿ ಅರದಿಲ್ಲ."

"ಏನಂದ್ರಿ?"

"ಇಡೀ ಬ್ಯಾಳಿ ಹಂಗಾ ಉಳದೈತಿ ಇಲ್ಲಿ. ಏನು ಇಟ್ಟೀರವ್ವ ಇದ್ರಾಗ?"

ಮಂಟಪ ಕಿವಿಯಾಯಿತು. ಏನೂ ಇಲ್ಲ, ಬಟ್ಟೆಯ ಸುಕ್ಕು ಎಂದುಬಿಡಬಹುದಿತ್ತು. ಮನೋಹರ್ ಮೂರು ಮಧ್ಯಾಹ್ನ ಇದೇ ಮೂಲೆಯನ್ನು ತಲೆಯ ಕೆಳಗಿಟ್ಟು ಮಲಗಿ, ದಿಂಬು ಹದವಾಗಿದೆ ಎಂದಿದ್ದ. ಪೂಜಿತಾ ಇದೇ ಮೂಲೆಯ ಫೋಟೋ ತೆಗೆದು ಹತ್ತು ಜನಕ್ಕೆ ಕಳಿಸಿದ್ದಳು.

"ಟವೆಲ್ಲು" ಎಂದಳು ವಿರುಪಮ್ಮ, ಎಲ್ಲರಿಗೂ ಕೇಳುವ ಹಾಗೆ. "ತುಂಡು ಸಾಲ್ಲಿಲ್ಲ. ಲಗೂನ ಹೊಲಿಗಿ ಶುರು ಮಾಡಬೇಕಂತ ಪೂರ್ತಿ ಟವೆಲ್ಲು ಮಡಿಚಿ ತುರುಕಿ ಹೊಲ್ದುಬಿಟ್ಟೆ. ನೀವು ಹಿಡದ್ರಿ ನೋಡ್ರಿ."

"ಅವಸರ ಕೈಗೆ ಸಿಗತೈತ್ರವ್ವ. ಬಾಯಿಗೆ ಸಿಗೋಕಿಂತ ಮೊದ್ಲಾ ಸಿಗತೈತಿ." ಪಾಲಪ್ಪ ಚೀಟಿಯ ಮೇಲೆ ಬರೆದ. "ಹತ್ತಕ್ಕ ಏಳು."

"ಯಜಮಾನ್ರ" ಎಂದ ಈಶ್ವರ್, "ಕೌದಿಗೆ ಮಾರ್ಕು ಹೆಂಗ ಕೊಡ್ತೀರಿ?"

"ನೀ ನಂಬರ್ ಕೊಟ್ಟಿ, ನಾ ಮಾರ್ಕು ಕೊಟ್ಟೆ. ಲೆಕ್ಕ ಸರಿ ಆತಿಲ್ಲೋ?" ಪಾಲಪ್ಪ ಹದಿನೆಂಟರ ಕಡೆಗೆ, ಅಲ್ಲಿನ ಕಡಲೆಬೇಳೆಯ ಕಡೆಗೆ, ದೊಡ್ಡ ಉಸಿರೆಳೆದುಕೊಂಡು ಹೊರಟ. ಎರಡು ಹೆಜ್ಜೆಯಲ್ಲೇ ಭರಮಮ್ಮನ ಮಡಿಲು ಕಂಡಿತು. "ಇದ್ರಾಗೇನೈತಿ?"

"ಏನಿಲ್ರಿ."

"ತಗೀರಿ. ಹೋಳಿಗಿ ಇನ್ನೂ ಒಂಬತ್ತು ಅದಾವು. ನನಗೂ ಸ್ವಲ್ಪ ಪುರುಸೊತ್ತು ಕೊಡ್ರಿ." ಭರಮಮ್ಮ ಬಾಗಿಲು ನೋಡಿದಳು, ವಿರುಪಮ್ಮನನ್ನು ನೋಡಿದಳು, ಆಮೇಲೆ ಮೂರು ಚೀಲವನ್ನೂ ಒಂದೊಂದಾಗಿ ತೆಗೆದು ಟೇಬಲ್ಲಿನ ಮೇಲಿಟ್ಟಳು. ಪಾಲಪ್ಪ ಮೊದಲನೆಯದನ್ನು ಒಳಹೊರಗು ಮಾಡಿ ಹೊಲಿಗೆ ನೋಡಿದ.

ಮೊದಲ ಬಹುಮಾನ ಒಂಬತ್ತು ಮಾರ್ಕಿನ ಕಾಯಿ ಹೋಳಿಗೆಗೆ ಹೋಯಿತು. ಭರಮಮ್ಮನಿಗೆ ಆರು ಬಂದಿತ್ತು, ಅವಳು ಅದನ್ನು ಮೂರು ಸಲ ಓದಿದ್ದಳು. ಈಗ ಪಿಸುಗುಟ್ಟಿದಳು, "ಟವೆಲ್ಲಿಂದು ಹೇಳದಾ ಇದ್ದಿದ್ರ ನಿಮಗ ಎಂಟರ ಬರ್ತಿತ್ತಲ್ರಿ ಅಕ್ಕಾರ."

"ಎಂಟು ಮನ್ಯಾಗಾ ಕೊಡ್ತಾರ, ಹತ್ತೂ ಕೊಡ್ತಾರ" ಎಂದಳು ವಿರುಪಮ್ಮ. "ಏಳು ಕೊಡಾಕ ಒಬ್ರೂ ಇರ್ಲಿಲ್ಲ. ಕತ್ರಿ ಐತೇನು ನಿಮ್ಮತ್ರ?"

ಇತ್ತು. ವಿರುಪಮ್ಮ ನಾಲ್ಕನೆಯ ಮೂಲೆಯ ದಾರಕ್ಕೆ ಕತ್ತರಿಯ ತುದಿ ಕೊಟ್ಟು ಒಂದು ಗೇಣು ಬಿಚ್ಚಿದಳು. ಟವೆಲ್ಲು, ಅಂಗಡಿಯ ಚೀಟಿಯ ಸಮೇತ, ಹೊರಗೆ ಬಂತು. ಅದನ್ನು ಅಲ್ಲೇ ಹೋಳು ಮಾಡಿ ಹರಡತೊಡಗಿದಳು. ಹದಿನೆಂಟರ ಜರಿ ಸೀರೆಯವಳು ತಟ್ಟೆ ಪಕ್ಕಕ್ಕಿಟ್ಟು, ಕೈ ತೊಳೆದು ಬಂದು, ಕೇಳದೆಯೇ ಕೌದಿಯ ಆ ತುದಿ ಹಿಡಿದುಕೊಂಡಳು. ಮೈಕಿನಲ್ಲಿ ಈಶ್ವರ್, ಕಾರ್ಯಕ್ರಮ ಮುಗಿಯಿತು, ಹದಿನೇಳನೆಯ ಟೇಬಲ್ಲಿನವರು ದಯವಿಟ್ಟು ಜಾಗ ಖಾಲಿ ಮಾಡಬೇಕು ಎಂದು ವಿನಂತಿಸಿದ.

ವಿರುಪಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

"ಲೈಟ್ ಆರಿಸಬ್ಯಾಡ್ರಿ" ಎಂದಳು, ತಲೆ ಎತ್ತದೆ. "ಇನ್ನ ಒಂದು ಗೇಣು ಐತಿ."